ಸೀದ ಹರಳು, ಉಳಿಯುವ ಎಣ್ಣೆ

ಹುರಿಯುತ್ತಿದ್ದ ಹರಳು ಸೀದುಹೋದರೆ ಮುಂದೇನು? ತುಮಕೂರು, ಕೋಲಾರ, ಚಿತ್ರದುರ್ಗ, ಮಂಡ್ಯದ ಒಣಬೇಸಾಯದ ಊರುಗಳಲ್ಲಿ ಮನೆಯಲ್ಲೇ ಹರಳೆಣ್ಣೆ ಕಾಯಿಸುವವರಿಗೆ ಈ ಪ್ರಶ್ನೆ ಹೊಸದಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಜೊತೆ ಬೆಳೆದ ಗಿಡ ಅದು. ಗೊನೆ ಕೊಯ್ದು, ಅಂಗಳದಲ್ಲಿ ಒಣಗಿಸಿ, ಬಡಿದು, ಕೇರಿ, ಬೀಜ ಆಯ್ದು ಕೂಡಿಡುವುದಕ್ಕೆ ಒಂದು ಸುಗ್ಗಿಯ ಶ್ರಮ ಬೇಕು. ಅಷ್ಟನ್ನೂ ಒಲೆಯ ಮೇಲಿನ ಕೆಲವೇ ನಿಮಿಷದ ಮೈಮರೆವು ಕೆಡಿಸಬಲ್ಲದು. ಉತ್ತರ ಕರ್ನಾಟಕದಲ್ಲಿ ಔಡಲವೆಂದು ಕರೆಯುವ ಈ ಬೀಜದ ಹಣೆಬರಹ ಅಲ್ಲೂ ಬೇರೆಯಲ್ಲ.

ಆ ಗಳಿಗೆಯಲ್ಲಿ ಜನ ಎರಡು ದಾರಿ ಹಿಡಿಯುತ್ತಾರೆ. ಹೊಗೆ ಕಂಡ ಕೂಡಲೇ ಇಡೀ ಬಾಣಲೆಯನ್ನು ತಿಪ್ಪೆಗೆ ಸುರಿಯುವವರು ಕೆಲವರು. ಎಣ್ಣೆ ತಾನೇ, ಮುಂದೆ ನೀರಿನಲ್ಲಿ ಕುದಿಸಿದರೆ ಸರಿಹೋಗುತ್ತದೆ ಎಂದು ಕುಟ್ಟಲು ಕೂರುವವರು ಇನ್ನು ಕೆಲವರು. ಮೊದಲಿನವರು ಉಳಿಸಬಹುದಾದದ್ದನ್ನು ಕಳೆದುಕೊಳ್ಳುತ್ತಾರೆ, ಎರಡನೆಯವರು ಉಳಿಸಲಾಗದ್ದಕ್ಕೆ ಇನ್ನೂ ಒಂದು ದಿನದ ಸೌದೆ ಸುಡುತ್ತಾರೆ. ಯಾವುದು ಯಾವುದೆಂದು ತಿಳಿಯಲು ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಬೇಡದ್ದು ಎಣ್ಣೆಯ ಜೊತೆ ಬೆರೆತಿದೆಯೋ, ಅಥವಾ ಎಣ್ಣೆಯೇ ಬದಲಾಗಿದೆಯೋ? ಅಕ್ಕಿಯೊಳಗಿನ ಕಲ್ಲನ್ನು ಆರಿಸಬಹುದು; ಅನ್ನವನ್ನು ಮತ್ತೆ ಅಕ್ಕಿ ಮಾಡಲಾಗದು. ಸೀದ ಹರಳಿನಲ್ಲಿ ಈ ಎರಡು ಬಗೆಯ ಹಾನಿಯೂ ಒಟ್ಟಿಗೇ ಆಗಿರುತ್ತದೆ. ಅವೆರಡನ್ನೂ ಬೇರೆ ಬೇರೆಯಾಗಿ ನೋಡುವುದನ್ನು ಈ ಅಧ್ಯಾಯದಲ್ಲಿ ಕಲಿಯೋಣ.

ಹುರಿಯುವುದಾದರೂ ಏಕೆ?

ಸೀಯುವ ಅಪಾಯವಿದೆಯೆಂದು ಹುರಿಯುವುದನ್ನೇ ಬಿಡಬಾರದೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಬೀಜದ ಒಳಗಿದೆ.

ಹರಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ನೂರಕ್ಕೆ 45ರಿಂದ 50ರಷ್ಟು. ಆದರೆ ಅದು ಬೀಜದೊಳಗೆ ಕೊಳದಂತೆ ನಿಂತಿಲ್ಲ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಆಸುಪಾಸಿನ ಗಾತ್ರದ ಲೆಕ್ಕವಿಲ್ಲದಷ್ಟು ಹನಿಗಳಾಗಿ ಹಂಚಿಕೊಂಡಿದೆ. ಪ್ರತಿ ಹನಿಯ ಸುತ್ತಲೂ ಓಲಿಯೋಸಿನ್ ಎಂಬ ಪ್ರೋಟೀನಿನ ತೆಳು ಹೊದಿಕೆ. ಮೊಳಕೆ ಒಡೆಯುವಾಗ ಸ್ವಲ್ಪ ಸ್ವಲ್ಪವೇ ಬಳಸಿಕೊಳ್ಳಲು ಗಿಡ ಮಾಡಿಕೊಂಡ ಉಗ್ರಾಣ ಅದು. ಹಸಿ ಹರಳನ್ನು ಹಾಗೇ ಕುಟ್ಟಿ ನೀರಿಗೆ ಹಾಕಿದರೆ ಈ ಹನಿಗಳು ಹೊದಿಕೆಸಮೇತ ನೀರಿನಲ್ಲಿ ತೇಲಾಡಿ ಬಿಳಿ ಹಾಲಾಗುತ್ತವೆಯೇ ಹೊರತು ಒಂದಕ್ಕೊಂದು ಕೂಡಿ ಎಣ್ಣೆಯಾಗಿ ಮೇಲೆ ಬರಲು ಹಿಂದೇಟು ಹಾಕುತ್ತವೆ. ಹುರಿದಾಗ ಪ್ರೋಟೀನಿನ ಹೊದಿಕೆ ಹೆಪ್ಪುಗಟ್ಟಿ ಹರಿಯುತ್ತದೆ, ಹನಿಗಳು ಕೂಡಿಕೊಳ್ಳುತ್ತವೆ.

ಇನ್ನೊಂದು ಕಾರಣವೂ ಇದೆ. ಹರಳಿನಲ್ಲಿ ಎಣ್ಣೆಯನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವಿದೆ. 1902ರಲ್ಲಿ ಜರ್ಮನಿಯ ಕಾನ್‌ಸ್ಟೈನ್, ಹೋಯರ್ ಮತ್ತು ವಾರ್ಟೆನ್‌ಬರ್ಗ್ ಎಂಬ ಮೂವರು ಇದರ ಬಲವನ್ನು ತೋರಿಸಿಕೊಟ್ಟರು. ಅರೆದ ಹರಳನ್ನು ತುಸು ಹುಳಿಯ ಜೊತೆ ಕೊಬ್ಬಿಗೆ ಬೆರೆಸಿದರೆ ಕೊಬ್ಬು ಒಡೆದು ಕೊಬ್ಬಿನಾಮ್ಲ ಮತ್ತು ಗ್ಲಿಸರಿನ್ ಬೇರೆಯಾಗುತ್ತವೆ. ಹಸಿ ಬೀಜ ಕುಟ್ಟಿ ತೇವದಲ್ಲಿ ಬಿಟ್ಟರೆ ಇದೇ ಕಿಣ್ವ ನಮ್ಮ ಎಣ್ಣೆಯ ಮೇಲೂ ಕೈಮಾಡುತ್ತದೆ. ಎಣ್ಣೆ ಹುಳಿಗಟ್ಟಿ ಕಮಟು ವಾಸನೆಗೆ ದಾರಿಯಾಗುತ್ತದೆ. ಹದವಾದ ಶಾಖ ಈ ಕಿಣ್ವವನ್ನು ಕೊಲ್ಲುತ್ತದೆ. ಹುರಿಯುವ ಉದ್ದೇಶ ಇಷ್ಟೇ: ಹೊದಿಕೆ ಒಡೆಯುವುದು, ಕಿಣ್ವ ಅಡಗಿಸುವುದು, ತೇವ ಇಳಿಸುವುದು. ಈ ಮೂರೂ ಬೀಜ ಕಪ್ಪಾಗುವುದಕ್ಕೆ ಬಹಳ ಮೊದಲೇ ಮುಗಿದಿರುತ್ತವೆ.

ನೀರಿರುವ ತನಕ ಸೀಯದು

ಮನೆಯ ಹರಳೆಣ್ಣೆಯ ಕೆಲಸವನ್ನು ಶಾಖದ ಕಣ್ಣಿನಿಂದ ನೋಡಿದರೆ ಮೂರು ಘಟ್ಟ ಕಾಣುತ್ತವೆ. ಮೊದಲು ಬಾಣಲೆಯಲ್ಲೋ ಓಡಿನಲ್ಲೋ ಹುರಿಯುವುದು. ಆಮೇಲೆ ಒರಳಿನಲ್ಲಿ ಕುಟ್ಟಿ, ನೀರಿಗೆ ಹಾಕಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆಯುವುದು. ಕೊನೆಗೆ ಆ ಎಣ್ಣೆಯನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿ ಉಳಿದ ನೀರಿನ ಅಂಶ ಆರಿಸುವುದು. ನಡುವಿನ ಘಟ್ಟ ಎಷ್ಟು ಹೊತ್ತು ನಡೆದರೂ ಪಾತ್ರೆಯ ಶಾಖ 100 ಡಿಗ್ರಿ ಸೆಲ್ಸಿಯಸ್ಸಿನ ಸುತ್ತಲೇ ನಿಲ್ಲುತ್ತದೆ. ಒಲೆ ಎಷ್ಟು ಉರಿದರೂ ಆ ಬಿಸಿ ನೀರನ್ನು ಆವಿ ಮಾಡುವುದಕ್ಕೇ ವೆಚ್ಚವಾಗುತ್ತದೆ. ಸೀಯುವ ಅಪಾಯವಿರುವುದು ನೀರಿನ ಕಾವಲಿಲ್ಲದ ಎರಡು ಘಟ್ಟಗಳಲ್ಲಿ: ಮೊದಲನೆಯದರಲ್ಲಿ ಮತ್ತು ಕೊನೆಯದರಲ್ಲಿ.

ಹುರಿಯುವಾಗ ಈ ಕಾವಲು ಹೇಗೆ ಕಳಚುತ್ತದೆಂದು ಲೆಕ್ಕ ಹಾಕಿ ನೋಡಬಹುದು. ಚೆನ್ನಾಗಿ ಒಣಗಿದ ಹರಳಿನಲ್ಲೂ ನೂರಕ್ಕೆ ಐದರಷ್ಟು ತೇವ ಇದ್ದೇ ಇರುತ್ತದೆಂದು ಇಟ್ಟುಕೊಳ್ಳಿ. ಒಂದು ಕಿಲೊ ಹರಳಿನಲ್ಲಿ 50 ಗ್ರಾಂ ನೀರು. ಅದನ್ನು ಆವಿ ಮಾಡಲು ಸುಮಾರು 113 ಕಿಲೊಜೂಲ್ ಶಾಖ ಬೇಕು. ಅಲ್ಲಿಯತನಕ ಬೀಜದ ಬಿಸಿ ನಿಧಾನವಾಗಿ ಏರುತ್ತದೆ. ನೀರು ಹೋದಮೇಲೆ ಅಷ್ಟೇ ಶಾಖ ಒಣಬೀಜಕ್ಕೆ ಬಿದ್ದರೆ ಅದರ ಉಷ್ಣತೆ ಸುಮಾರು 60 ಡಿಗ್ರಿ ಜಿಗಿಯುತ್ತದೆ. ಉರಿ ಬದಲಾಗಿಲ್ಲ, ಕೈಯಾಡಿಸುವುದು ನಿಂತಿಲ್ಲ. ಆದರೂ ತಣ್ಣಗೆ ಸಾಗುತ್ತಿದ್ದ ಹುರಿತ ಇದ್ದಕ್ಕಿದ್ದಂತೆ ಓಡತೊಡಗುತ್ತದೆ. ಇಷ್ಟು ಹೊತ್ತು ಏನೂ ಆಗಲಿಲ್ಲ, ಇನ್ನೊಂದು ಗಳಿಗೆ ಬಿಟ್ಟರೆ ಏನಾದೀತು ಎಂಬ ಧೈರ್ಯವೇ ಇಲ್ಲಿ ಮೋಸ ಮಾಡುತ್ತದೆ.

ಹರಳಿನ ಸಿಪ್ಪೆ ಈ ಮೋಸಕ್ಕೆ ಜೊತೆಗೂಡುತ್ತದೆ. ಕಡಲೆಕಾಯಿ ಬೀಜವನ್ನೋ ಎಳ್ಳನ್ನೋ ಹುರಿದರೆ ಬಣ್ಣ ಕಣ್ಣಿಗೆ ಹೇಳುತ್ತದೆ. ಹರಳಿನ ಸಿಪ್ಪೆ ಹುಟ್ಟಿನಿಂದಲೇ ಕಂದು, ಬೂದು, ಕಪ್ಪು ಮಚ್ಚೆಗಳಿಂದ ಕೂಡಿದ್ದು, ಹೊಳಪುಳ್ಳದ್ದು. ಒಳಗಿನ ತಿರುಳು ಬಿಳಿಯಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ ತಿರುಗಿದರೂ ಹೊರಗೆ ಹೆಚ್ಚೇನೂ ಕಾಣದು. ಆದ್ದರಿಂದ ಹೊರಗಿನ ಬಣ್ಣ ನಂಬಿ ಹುರಿಯಬಾರದು. ಆಗಾಗ ನಾಲ್ಕಾರು ಬೀಜ ತೆಗೆದು, ಕಲ್ಲಿನ ಮೇಲಿಟ್ಟು ಜಜ್ಜಿ, ತಿರುಳಿನ ಬಣ್ಣ ನೋಡಬೇಕು. ಹದವಾಗಿ ಹುರಿದ ತಿರುಳು ಕೆನೆಬಣ್ಣಕ್ಕೋ ತಿಳಿ ಹೊಂಬಣ್ಣಕ್ಕೋ ತಿರುಗಿ, ಬೆರಳಲ್ಲಿ ಒತ್ತಿದರೆ ಎಣ್ಣೆ ಜಿನುಗಿಸುತ್ತದೆ.

ಬೆಂಕಿ ಒಳಗೆ ಮಾಡುವ ಕೆಲಸ

ತಿರುಳು ಕಂದಾಗುವುದು ಮೊದಮೊದಲು ಎಣ್ಣೆಯ ಕೆಲಸವಲ್ಲ. ಬೀಜದ ಪ್ರೋಟೀನು ಮತ್ತು ಸಕ್ಕರೆ ಬಿಸಿಯಲ್ಲಿ ಒಂದಕ್ಕೊಂದು ಕೂಡಿ ಕಂದು ಬಣ್ಣ, ಹುರಿದ ಪರಿಮಳ ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಕಾಫಿ ಬೀಜ, ದೋಸೆಯ ಅಂಚು, ಹುರಿಗಡಲೆ ಎಲ್ಲದರ ಕಂದಿನ ಹಿಂದೆಯೂ ಇದೇ ಇದೆ. ಇಲ್ಲಿ ಹುಟ್ಟುವ ಕಂದು ಬಣ್ಣದ ದೊಡ್ಡ ಅಣುಗಳಲ್ಲಿ ಬಹುಪಾಲು ನೀರಿನ ಕಡೆಗೆ ವಾಲುವಂಥವು. ಅಂದರೆ ಮುಂದೆ ಕುದಿಸಿದಾಗ ಅವು ನೀರಿಗೋ ಹಿಂಡಿಗೋ ಸೇರುತ್ತವೆ, ಎಣ್ಣೆಗೆ ಕಡಿಮೆ. ಇದು ಬೆರೆತ ಹಾನಿ; ಬೇರ್ಪಡಿಸಬಹುದಾದದ್ದು.

ಶಾಖ ಇನ್ನೂ ಏರಿ 200 ಡಿಗ್ರಿ ದಾಟತೊಡಗಿದಾಗ ಎಣ್ಣೆಯ ಸರದಿ ಬರುತ್ತದೆ. ಹರಳೆಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ರಿಸಿನೋಲಿಯಿಕ್ ಆಮ್ಲ ಎಂಬ ಒಂದೇ ಕೊಬ್ಬಿನಾಮ್ಲ. 18 ಇಂಗಾಲಗಳ ಸರಪಳಿ. 9ನೆಯ ಇಂಗಾಲದ ಬಳಿ ಒಂದು ಜೋಡಿಬಂಧ, 12ನೆಯದರ ಮೇಲೆ ಆಮ್ಲಜನಕ ಮತ್ತು ಜಲಜನಕದ ಒಂದು ಪುಟ್ಟ ಗುಂಪು. ನಮಗೆ ಪರಿಚಯದ ಬೇರೆ ಎಣ್ಣೆಗಳಲ್ಲಿ ಇಂಥ ಗುಂಪು ಇಲ್ಲ. ಹರಳೆಣ್ಣೆ ಅಷ್ಟು ಮಂದವಾಗಿರುವುದಕ್ಕೂ, ಆಲ್ಕೊಹಾಲಿನಲ್ಲಿ ಕರಗುವುದಕ್ಕೂ ಇದೇ ಕಾರಣ. ಬಿಸಿ ಮಿತಿಮೀರಿದಾಗ ಸರಪಳಿ ಮುರಿಯುವ ಜಾಗವನ್ನು ತೋರಿಸಿಕೊಡುವುದೂ ಇದೇ ಗುಂಪು.

ಈ ಮುರಿತವನ್ನು ಬೇಕೆಂದೇ ಮಾಡುವ ಕಾರ್ಖಾನೆಗಳಿವೆ. ಹರಳೆಣ್ಣೆಯಿಂದ ಮಾಡಿದ ಎಸ್ಟರನ್ನು 500 ಡಿಗ್ರಿಯ ಆಸುಪಾಸಿನಲ್ಲಿ ಸೀಳಿದರೆ ಸರಪಳಿ ಸರಿಯಾಗಿ ಎರಡು ತುಂಡಾಗುತ್ತದೆ. 7 ಇಂಗಾಲದ ತುಂಡು ಹೆಪ್ಟನಾಲ್. ಅದರಿಂದ ಮಲ್ಲಿಗೆಯ ವಾಸನೆಯ ಸುಗಂಧದ್ರವ್ಯ ತಯಾರಾಗುತ್ತದೆ. 11 ಇಂಗಾಲದ ತುಂಡಿನಿಂದ ಅಂಡಿಸಿಲೆನಿಕ್ ಆಮ್ಲ ಸಿಗುತ್ತದೆ. ಚರ್ಮದ ಬೂಷ್ಟುರೋಗಕ್ಕೆ ಹಚ್ಚುವ ಔಷಧಿಯಲ್ಲೂ, ನೈಲಾನ್-11 ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲೂ ಅದಕ್ಕೆ ಸ್ಥಾನವಿದೆ. ಅಳತೆ ತಪ್ಪದ ಬೆಂಕಿ ಹರಳೆಣ್ಣೆಯಿಂದ ಅತ್ತರು ಮತ್ತು ಪ್ಲಾಸ್ಟಿಕ್ಕು ಎರಡನ್ನೂ ಹುಟ್ಟಿಸುತ್ತದೆ. ಅಳತೆಯಿಲ್ಲದ ಬೆಂಕಿಯಲ್ಲಿ ಇಂಥ ತುಂಡುಗಳು ಕಿಂಚಿತ್ತೇ ಹುಟ್ಟಿದರೂ ಎಣ್ಣೆಯಲ್ಲೇ ಉಳಿದು ಸೀದ ವಾಸನೆಗೆ ಪಾಲು ಕೊಡುತ್ತವೆ.

ಕಣ್ಣು ಉರಿಸುವ ಹೊಗೆಗೆ ಇನ್ನೊಂದು ಮೂಲವಿದೆ. ಎಣ್ಣೆಯ ಅಣುವಿನಲ್ಲಿ ಕೊಬ್ಬಿನಾಮ್ಲಗಳನ್ನು ಹಿಡಿದಿಟ್ಟ ಗ್ಲಿಸರಿನ್ ಭಾಗ ಅತಿಬಿಸಿಯಲ್ಲಿ ಅಕ್ರೋಲೀನ್ ಆಗುತ್ತದೆ. ಮೂಗಿಗೆ ಚುಚ್ಚಿ ಕಣ್ಣಲ್ಲಿ ನೀರು ತರಿಸುವ ಅನಿಲ ಅದು. ಅದು ಕಾಣಿಸಿಕೊಂಡಿತೆಂದರೆ ಎಣ್ಣೆಯೇ ಮುರಿಯುತ್ತಿದೆ ಎಂದು ತಿಳಿಯಬೇಕು.

ಪೂರ್ತಿ ಕರಿಕಲಾದ ಬೀಜದಲ್ಲಿ ಇದಕ್ಕಿಂತ ಗಂಭೀರವಾದದ್ದು ಹುಟ್ಟುತ್ತದೆ. ಅರೆಬರೆ ಸುಟ್ಟ ಯಾವುದೇ ಸಾವಯವ ವಸ್ತುವಿನಲ್ಲಿ ಬೆನ್ಜೊಪೈರೀನಿನಂಥ, ಇಂಗಾಲದ ಉಂಗುರಗಳು ಹೆಣೆದುಕೊಂಡ ಅಣುಗಳು ಇರಬಹುದು. ಬೆನ್ಜೊಪೈರೀನು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ವರ್ಗದಲ್ಲೇ ಇಟ್ಟಿದೆ. ತಿನ್ನುವ ಎಣ್ಣೆಯಲ್ಲಿ ಇದರ ಪ್ರಮಾಣ ಕಿಲೊಗೆ 2 ಮೈಕ್ರೊಗ್ರಾಂ ಮೀರಬಾರದೆಂದು ಯುರೋಪಿನಲ್ಲಿ ಕಟ್ಟಳೆಯಿದೆ. ಈ ಅಣುಗಳು ನೀರಿನಲ್ಲಿ ಕರಗುವುದು ತೀರ ಕಡಿಮೆ, ಎಣ್ಣೆಯಲ್ಲಿ ಸಲೀಸಾಗಿ ಕರಗುತ್ತವೆ. ಎಷ್ಟು ಸಲ ನೀರಿನಲ್ಲಿ ಕುದಿಸಿದರೂ ಅವು ಎಣ್ಣೆಯ ಪಕ್ಷವನ್ನೇ ಹಿಡಿಯುತ್ತವೆ.

ಮೊದಲ ಹತ್ತು ನಿಮಿಷ

ಹಾಗಾದರೆ ಹೊಗೆ ಕಂಡಾಗ ಮಾಡಬೇಕಾದದ್ದು ಏನು? ಮೊದಲು ಬಾಣಲೆಯನ್ನು ಒಲೆಯಿಂದ ಇಳಿಸಿ, ಬೀಜಗಳನ್ನು ಕೂಡಲೇ ಮೊರಕ್ಕಲ್ಲ, ತಣ್ಣನೆಯ ಕಲ್ಲುಚಪ್ಪಡಿಗೋ ಅಗಲವಾದ ಲೋಹದ ತಟ್ಟೆಗೋ ತೆಳ್ಳಗೆ ಹರಡಬೇಕು. ದಪ್ಪ ಬಾಣಲೆಯಲ್ಲಿ ಬಿಟ್ಟರೆ ಒಲೆ ಆರಿದ ಮೇಲೂ ಅದರ ಬಿಸಿಯಲ್ಲೇ ಹುರಿತ ಮುಂದುವರಿಯುತ್ತದೆ. ರಾಶಿ ಹಾಕಿದರೂ ನಡುವಿನ ಬೀಜಗಳು ತಮ್ಮ ಬಿಸಿಯಲ್ಲೇ ಸೀಯುತ್ತವೆ. ಬೀಜಕ್ಕೆ ಬೆಂಕಿಯೇ ಹತ್ತಿಕೊಂಡಿದ್ದರೆ ನೀರು ಎರಚಲೇಬಾರದು. ಉರಿಯುವ ಎಣ್ಣೆಗೆ ಬಿದ್ದ ನೀರು ಕ್ಷಣದಲ್ಲಿ ಆವಿಯಾಗಿ ಎಣ್ಣೆಯನ್ನು ಸುತ್ತಲೂ ಚಿಮ್ಮಿಸುತ್ತದೆ. ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಿ ಗಾಳಿ ತಡೆಯುವುದೇ ದಾರಿ.

ಆರಿದ ಮೇಲೆ ಬೀಜ ಜಜ್ಜಿ ನೋಡಿ ಮೂರು ಪಾಲು ಮಾಡಬೇಕು. ಬಾಣಲೆಯ ತಳದಲ್ಲಿದ್ದವು ಕರಿಕಲಾಗಿ, ಮೇಲಿದ್ದವು ಹದವಾಗಿರುವುದು ಸಾಮಾನ್ಯ. ಸುಟ್ಟ ಬೀಜ ಹಗುರಾಗಿ ಸಿಪ್ಪೆ ಬಿರಿದಿರುತ್ತದೆ. ಮೊರದಲ್ಲಿ ಕೇರಿದರೆ ಒಂದಿಷ್ಟು ಅಲ್ಲೇ ಬೇರೆಯಾಗುತ್ತದೆ, ಮಿಕ್ಕದ್ದನ್ನು ಕೈಯಿಂದ ಆಯಬೇಕು. ತಿರುಳು ಹೊಂಬಣ್ಣದಿಂದ ತಿಳಿಕಂದಿನವರೆಗೆ ಇರುವವು ಮೊದಲ ಪಾಲು: ಧೈರ್ಯವಾಗಿ ಕುಟ್ಟಬಹುದು. ಗಾಢ ಕಂದಿಗೆ ತಿರುಗಿ ಸೀದ ವಾಸನೆ ಬರುವವು ಎರಡನೆಯದು: ದೀಪಕ್ಕೆ, ಚಕ್ಕಡಿಯ ಅಚ್ಚಿಗೆ, ಚರ್ಮದ ಮೆಟ್ಟಿಗೆ ಆಗುವ ಎಣ್ಣೆ ಇದರಿಂದ ಬರುತ್ತದೆ. ಒಳಗೂ ಹೊರಗೂ ಇದ್ದಿಲಾದವು ಮೂರನೆಯದು: ಅದರಲ್ಲಿದ್ದ ಎಣ್ಣೆಯ ಬಹುಪಾಲು ಆಗಲೇ ಹೊಗೆಯಾಗಿದೆ, ಉಳಿದದ್ದು ಉಪಯೋಗಕ್ಕಿಲ್ಲ, ಬಿಡಬೇಕು.

ಮೂರನ್ನೂ ಬೆರೆಸಿ, ಚೆನ್ನಾಗಿರುವುದು ಹೆಚ್ಚಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದು ದೊಡ್ಡ ತಪ್ಪು. ಬೆರೆಸಿದರೆ ಸೀದದ್ದು ಕಡಿಮೆಯಾಗುವುದಿಲ್ಲ, ಒಳ್ಳೆಯದರ ತುಂಬ ಹರಡುತ್ತದೆ. ಸೀದ ವಾಸನೆಯ ಅಣುಗಳನ್ನು ನಮ್ಮ ಮೂಗು ಅತ್ಯಲ್ಪ ಪ್ರಮಾಣದಲ್ಲೇ ಹಿಡಿಯುತ್ತದೆ. ಒಂದು ಹಿಡಿ ಕರಿಕಲು ಬೀಜ ಇಡೀ ಹಂಡೆಯನ್ನು ಕೆಡಿಸುವುದು ಹೀಗೆ.

ಕುದಿಯುವ ನೀರು ಏನನ್ನು ತೊಳೆಯುತ್ತದೆ

ಎರಡನೆಯ ಪಾಲನ್ನು ಕುಟ್ಟಿ ಕುದಿಸುವಾಗ ನೀರು ಮೂರು ಕೆಲಸ ಮಾಡುತ್ತದೆ. ಕಂದು ಬಣ್ಣದ, ಕಹಿಯ, ನೀರಿನಲ್ಲಿ ಕರಗುವ ಅಂಶಗಳನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಹಂಡೆಯ ತಳದ ನೀರು ಕಷಾಯದಂತೆ ಕಪ್ಪಾದಷ್ಟೂ ಎಣ್ಣೆ ಅಷ್ಟರಿಂದ ಪಾರಾಗಿದೆ. ಮೇಲೇಳುವ ಆವಿ ಅಕ್ರೋಲೀನು, ಹೆಪ್ಟನಾಲಿನಂಥ ಹಾರುವ ವಸ್ತುಗಳನ್ನು ತನ್ನೊಡನೆ ಒಯ್ಯುತ್ತದೆ. ಹೆಪ್ಟನಾಲಿನ ಕುದಿಬಿಂದು 150 ಡಿಗ್ರಿ ದಾಟಿದ್ದರೂ ಆವಿಯ ಜೊತೆ ಅದು 100 ಡಿಗ್ರಿಯೊಳಗೇ ಹೊರಡಬಲ್ಲದು. ಹೂವಿನಿಂದ ಸುಗಂಧ ಇಳಿಸುವವರು ಬಳಸುವ ತತ್ತ್ವವೇ ಇಲ್ಲಿ ದುರ್ಗಂಧ ಕಳೆಯುವುದಕ್ಕೆ ಬರುತ್ತದೆ.

ಮೂರನೆಯದು ಬೇರ್ಪಡಿಸುವ ಕೆಲಸ. ಹರಳೆಣ್ಣೆಯ ಸಾಂದ್ರತೆ 0.96, ನೀರಿಗೆ ಬಹಳ ಹತ್ತಿರ. ಮಂದತನವಂತೂ ಕೋಣೆಯ ಶಾಖದಲ್ಲಿ ನೀರಿನ ನೂರಾರು ಪಟ್ಟು. ತಣ್ಣಗಿದ್ದರೆ ಇವೆರಡೂ ಬೇರೆಯಾಗಲು ಸತಾಯಿಸುತ್ತವೆ. ಬಿಸಿಯಲ್ಲಿ ಎಣ್ಣೆ ನೀರಿಗಿಂತ ಹೆಚ್ಚು ಹಿಗ್ಗಿ ತುಸು ಹಗುರಾಗುತ್ತದೆ, ಮಂದತನವೂ ಬಹಳವಾಗಿ ಇಳಿಯುತ್ತದೆ. ಆದ್ದರಿಂದ ಎಣ್ಣೆ ತೇಲಿದ ಮೇಲೆ ಹಂಡೆಯನ್ನು ಕಲಕದೆ, ಸಣ್ಣ ಉರಿಯಲ್ಲಿ ಬಿಸಿಯಾಗಿಯೇ ಇಟ್ಟು ಸೌಟಿನಲ್ಲಿ ಮೇಲುಮೇಲೆ ತೆಗೆಯಬೇಕು. ತೆಗೆದ ಎಣ್ಣೆಯನ್ನು ಹೊಸ ನೀರಿನ ಜೊತೆ ಇನ್ನೊಮ್ಮೆ ಕುದಿಸಿ, ನಿಲ್ಲಿಸಿ, ಮತ್ತೆ ತೆಗೆದರೆ ಬಣ್ಣ, ವಾಸನೆ ಎರಡೂ ಇನ್ನಷ್ಟು ಇಳಿಯುತ್ತವೆ.

ಅಷ್ಟಾದರೂ ಉಳಿಯುವ ಗಾಢ ಬಣ್ಣ, ಹೊಗೆಯ ವಾಸನೆ ಎಣ್ಣೆಯಲ್ಲೇ ಕರಗಿದ್ದು. ಅದನ್ನು ತೆಗೆಯಲು ಸಂಸ್ಕರಣಾ ಕಾರ್ಖಾನೆಗಳು ವಿಶೇಷ ಜೇಡಿಮಣ್ಣನ್ನೂ ಕ್ರಿಯಾಶೀಲ ಇದ್ದಿಲನ್ನೂ ಬಳಸುತ್ತವೆ. ಅಂಥ ಇದ್ದಿಲಿನ ಒಂದು ಗ್ರಾಮಿನ ಒಳಮೈ ಹರಡಿದರೆ 500 ಚದರ ಮೀಟರಿಗೂ ಮಿಗಿಲು. ಬೆನ್ಜೊಪೈರೀನಿನಂಥ ಅಣುಗಳೂ ಅದಕ್ಕೆ ಅಂಟಿಕೊಳ್ಳುತ್ತವೆ. ಒಲೆಯ ಕೆಂಡ ಆರಿಸಿದ ಇದ್ದಿಲಿಗೆ ಆ ಶಕ್ತಿಯಿಲ್ಲ. ಅದನ್ನು ಎಣ್ಣೆಗೆ ಹಾಕಿದರೆ ಕೈಗೆ ಸಿಗುವುದು ಮಸಿ ಮಾತ್ರ. ಮನೆಯ ಶುದ್ಧೀಕರಣದ ಗಡಿ ಇಲ್ಲಿಗೆ ಮುಗಿಯುತ್ತದೆ. ಸೀದ ಬೀಜದ ಎಣ್ಣೆಯನ್ನು ಎಷ್ಟೇ ತಿಳಿ ಮಾಡಿದರೂ ಹೊಟ್ಟೆಗೆ ಕೊಡಬಾರದು, ಮಗುವಿನ ಮೈಗೂ ಹಚ್ಚಬಾರದು.

ಆದರೆ ಗಾಢಬಣ್ಣ ತಾನಾಗಿಯೇ ದೋಷವಲ್ಲ. ಜಮೈಕಾದಲ್ಲಿ ಹರಳನ್ನು ಬೇಕೆಂದೇ ಗಾಢವಾಗಿ ಹುರಿದು, ಕುಟ್ಟಿ, ಕುದಿಸಿ ತೆಗೆಯುವ ಕಪ್ಪು ಹರಳೆಣ್ಣೆಗೆ ಕೂದಲಿಗೆ ಹಚ್ಚುವವರಲ್ಲಿ ಭಾರಿ ಬೇಡಿಕೆಯಿದೆ. ವಿಧಾನ ನಮ್ಮದಕ್ಕೆ ಹತ್ತಿರದ ನಂಟು. ಹುರಿತ ನಿಲ್ಲಿಸುವ ಜಾಗ ಬೇರೆ. ಅಲ್ಲಿ ಹದವೆನಿಸಿದ್ದು ತುಮಕೂರಿನ ಬಾಣಂತಿ ಮನೆಯಲ್ಲಿ ಸೀದದ್ದೆನಿಸುತ್ತದೆ. ಆದ್ದರಿಂದ ಉಳಿಸುವ ಮಾತಿಗೆ ಮೊದಲು ಎಣ್ಣೆ ಯಾತಕ್ಕೆ ಬೇಕು ಎಂದು ನಿರ್ಧರಿಸಬೇಕು. ದೀಪಕ್ಕೆ ಸಾಕಾದದ್ದು ಮಗುವಿಗೆ ಸಲ್ಲದು.

ಹಿಂಡಿಯಲ್ಲಿ ಕುಳಿತ ವಿಷ

ಹರಳಿನ ವಿಷಯದಲ್ಲಿ ಒಂದು ಎಚ್ಚರ ತಪ್ಪಬಾರದು. ಈ ಬೀಜದಲ್ಲಿ ರಿಸಿನ್ ಎಂಬ ಘೋರ ವಿಷವಿದೆ. 1888ರಲ್ಲಿ ಡೋರ್ಪಾಟ್ ವಿಶ್ವವಿದ್ಯಾಲಯದಲ್ಲಿ, ಅಂದರೆ ಇಂದಿನ ಎಸ್ಟೋನಿಯಾದ ಟಾರ್ಟುವಿನಲ್ಲಿ, ಹರ್ಮನ್ ಸ್ಟಿಲ್‌ಮಾರ್ಕ್ ಇದನ್ನು ಗುರುತಿಸಿ ಹೆಸರಿಟ್ಟರು. ರಿಸಿನ್ ಪ್ರೋಟೀನು, ಎಣ್ಣೆಯಲ್ಲಿ ಕರಗದು. ಹಾಗಾಗಿ ಎಣ್ಣೆ ತೇಲಿ ಬಂದಾಗ ವಿಷ ಹಿಂಡಿಯ ಕಡೆ ಉಳಿಯುತ್ತದೆ, ಕುದಿತ ಅದರ ಶಕ್ತಿಯನ್ನು ಬಹುಮಟ್ಟಿಗೆ ಮುರಿಯುತ್ತದೆ.

ಸೀದ ಬೀಜ ಇನ್ನು ನಿರಪಾಯವೆಂದು ಬಗೆಯುವುದು ಮಾತ್ರ ತಪ್ಪು. ಹೊರಗೆ ಕಪ್ಪಾದ ಬಾಣಲೆಯಲ್ಲೇ ಶಾಖ ತಾಗದ ಬೀಜಗಳೂ ಇರುತ್ತವೆ. ಒಣ ಬಿಸಿ ಎಲ್ಲ ಬೀಜದ ಒಳತಿರುಳಿಗೂ ಒಂದೇ ಸಮ ಮುಟ್ಟುವುದಿಲ್ಲ. ಆಯ್ದು ಬಿಟ್ಟ ಬೀಜವನ್ನಾಗಲಿ, ಕುದಿಸಿ ಉಳಿದ ಹಿಂಡಿಯನ್ನಾಗಲಿ ದನಕ್ಕೆ, ಕುರಿಗೆ, ಕೋಳಿಗೆ ಹಾಕಕೂಡದು. ಹಿಂಡಿ ಒಳ್ಳೆಯ ಗೊಬ್ಬರ. ಆದರೆ ಅದರ ವಾಸನೆಗೆ ನಾಯಿಗಳು ಬಂದು ತಿನ್ನುವುದುಂಟು. ಮಣ್ಣಿನಲ್ಲಿ ಆಳವಾಗಿ ಮುಚ್ಚಬೇಕು. ಕುಟ್ಟಿದ ಒರಳು, ಒನಕೆ, ಮೊರಗಳನ್ನು ತೊಳೆದೇ ಬೇರೆ ಕೆಲಸಕ್ಕೆ ಬಳಸಬೇಕು.

ಮತ್ತೆ ಒಲೆ ಹಚ್ಚುವಾಗ

ಹೊಸದಾಗಿ ಶುರುಮಾಡುವುದೆಂದರೆ ಅದೇ ಕೆಲಸವನ್ನು ಹೆಚ್ಚು ಭಯದಿಂದ ಮಾಡುವುದಲ್ಲ; ಕಾವಲಿಲ್ಲದ ಘಟ್ಟಗಳಿಗೆ ಕಾವಲು ಹಾಕುವುದು. ಬೀಜವನ್ನು ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿದರೆ ಸಣ್ಣವು ಸೀದು ದೊಡ್ಡವು ಹಸಿಯಾಗಿ ಉಳಿಯುವುದು ತಪ್ಪುತ್ತದೆ. ಒಮ್ಮೆಗೆ ಬಾಣಲೆಯ ತಳ ಮುಚ್ಚುವಷ್ಟೇ ಹಾಕಬೇಕು. ತೆಳು ತಗಡಿನ ಪಾತ್ರೆಯಲ್ಲಿ ಉರಿ ತಾಗಿದ ಜಾಗ ಮಾತ್ರ ಕಾಯುತ್ತದೆ; ದಪ್ಪ ಕಬ್ಬಿಣದಲ್ಲಿ ಬಿಸಿ ಹರಡುತ್ತದೆ. ಶುದ್ಧ ಮರಳು ಕಾಯಿಸಿ ಅದರೊಳಗೆ ಹುರಿದರೆ ಬೀಜದ ಎಲ್ಲ ಮೈಗೂ ಒಂದೇ ಸಮ ಶಾಖ ತಾಗುತ್ತದೆ. ತಿರುಳು ಬೇಕಾದ ಬಣ್ಣಕ್ಕೆ ಬರುವ ತುಸು ಮೊದಲೇ ಇಳಿಸಬೇಕು, ಉಳಿದ ಹುರಿತವನ್ನು ಬೀಜದ ಬಿಸಿಯೇ ಮುಗಿಸುತ್ತದೆ.

ಕೊನೆಯ ಘಟ್ಟದಲ್ಲಿ, ಎಣ್ಣೆಯ ನೀರು ಆರಿಸುವಾಗ, ಕಿವಿಯೇ ಉಷ್ಣಮಾಪಕ. ತಳದಲ್ಲಿ ಸಿಕ್ಕಿಕೊಂಡ ನೀರಿನ ಹನಿಗಳು ಸಿಡಿಯುವ ಚಟಪಟ ಸದ್ದು ಇರುವವರೆಗೆ ಎಣ್ಣೆ 100 ಡಿಗ್ರಿಗಿಂತ ಬಹಳ ಮೇಲೇರುವುದಿಲ್ಲ. ಸದ್ದು ಕಡಿಮೆಯಾಗಿ, ನೊರೆ ಅಡಗಿ, ಎಣ್ಣೆ ತಿಳಿಯಾದ ಕೂಡಲೇ ಇಳಿಸಬೇಕು. ಅಲ್ಲಿಂದ ಮುಂದೆ ಕೊಡುವ ಪ್ರತಿ ನಿಮಿಷದ ಉರಿಯೂ ಎಣ್ಣೆಯನ್ನು ಒಣಗಿಸುವುದಿಲ್ಲ, ಮುರಿಯುತ್ತದೆ.

ಬೀಜದಿಂದ ಎಣ್ಣೆ ತೆಗೆಯುವ ಕೆಲಸವೆಲ್ಲ ಬೇರ್ಪಡಿಸುವ ಕೆಲಸ. ಬೀಜದಲ್ಲಿ ಆಗಲೇ ಇದ್ದ ಎಣ್ಣೆಯನ್ನು ಸಿಪ್ಪೆ, ಪ್ರೋಟೀನು, ನೀರು, ವಿಷಗಳಿಂದ ಬಿಡಿಸಿ ತರುತ್ತೇವೆ, ಹೊಸದನ್ನೇನೂ ಮಾಡುವುದಿಲ್ಲ. ಶಾಖ ಬಿಡಿಸಲು ನೆರವಾಗುವಷ್ಟು ಹೊತ್ತು ನಮ್ಮ ಆಳು; ಅದು ಅಣುವನ್ನೇ ಬದಲಾಯಿಸತೊಡಗಿದ ಗಳಿಗೆಯಿಂದ ಬೇರೆ ವಸ್ತುವಿನ ತಯಾರಿ ಶುರುವಾಗಿರುತ್ತದೆ. ಸೀದ ಬಾಣಲೆಯ ಮುಂದೆ ಕುಳಿತವರು ಬೀಜ ಜಜ್ಜಿ ಆ ಗಡಿ ಎಲ್ಲಿ ದಾಟಿದೆಯೆಂದು ನೋಡಬೇಕು. ಈಚೆ ಉಳಿದದ್ದನ್ನು ತಾಳ್ಮೆಯಿಂದ ಬಿಡಿಸಿಕೊಳ್ಳಬೇಕು, ಆಚೆ ಹೋದದ್ದನ್ನು ನಿಸ್ಸಂಕೋಚವಾಗಿ ಬಿಡಬೇಕು. ಹೊಸ ಹರಳನ್ನು ಅಳೆದು ಹಾಕುವ ಕೈಗೆ ಬೇಕಾದದ್ದು ಈ ತಿಳಿವಳಿಕೆಯೇ.